ಪ್ರೀಮಿಯರ್ ಪದ್ಮಿನಿ: ಬಿಸಿಲೇರಿದ ಮೇಲೆ ನಿಂತರೆ ಮೊದಲು ಕಿಡಿ ನೋಡಿ

ನಮ್ಮ ತಂದೆ ಎಂಬತ್ತರ ದಶಕದಲ್ಲಿ ಕೊಂಡ ಪದ್ಮಿನಿಯನ್ನು ನಾನು ಈಗಲೂ ತುಮಕೂರಿನಲ್ಲಿ ಓಡಿಸುತ್ತಿದ್ದೇನೆ. ಮಂಡಿಪೇಟೆಯ ದಿನಸಿಗೂ ದೇವರಾಯನದುರ್ಗದ ಜಾತ್ರೆಗೂ ಅದೇ ಕಾರು. ಹಳೆಯ ಕಾರಿನ ಮೇಲೆ ಆಸೆಯಿಟ್ಟು ನಮ್ಮ ಮನೆಗೆ ಬರುವವರು ಕೇಳುವ ಮೊದಲ ಪ್ರಶ್ನೆ, "ದಾರಿಯಲ್ಲಿ ಕೈಕೊಡುತ್ತದೆಯೇ?" ಕೊಡುತ್ತದೆ. ಆದರೆ ಕಾಯಿಲೆ ಯಾವುದೆಂದು ಕೈಕೊಡುವ ರೀತಿಯಲ್ಲೇ ತಿಳಿಸಿಬಿಡುತ್ತದೆ. ಅದನ್ನು ಓದಲು ಕಲಿತವರಿಗೆ ಈ ಕಾರಿನಷ್ಟು ನಂಬಿಕೆಯದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರಿಚಯ ಚುಟುಕಾಗಿ ಸಾಕು. ಇಟಲಿಯ ಫಿಯೆಟ್ 1100 ಇದರ ಮೂಲ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಪೆಟ್ರೋಲ್, ಗಾಳಿ, ಕಿಡಿ ಮೂರೂ ಹೊತ್ತಿಗೆ ಸರಿಯಾಗಿ ಕೂಡಿದರೆ ಓಡುತ್ತದೆ.

ಓಡುತ್ತಿದ್ದ ಎಂಜಿನ್ ಕೀಲಿ ತಿರುಗಿಸಿ ಆರಿಸಿದ ಹಾಗೆ ಒಮ್ಮೆಲೇ ನಿಂತರೆ ಮೊದಲ ಅನುಮಾನ ಕರೆಂಟಿನ ಮೇಲೆ. ಎಳೆತ ಕುಗ್ಗುತ್ತಾ, ಜಗ್ಗಿ ಜಗ್ಗಿ, ಸ್ವಲ್ಪ ದೂರ ತೆವಳಿ ನಿಂತರೆ ಪೆಟ್ರೋಲಿನ ಮೇಲೆ. ಈ ಭೇದ ಹೇಳಿಕೊಟ್ಟವರು ಗುಬ್ಬಿ ಗೇಟ್ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಎಂದು ಬಂದ ಗಾಡಿಗೆಲ್ಲ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರ್ ಬಿಚ್ಚುವ ಹುಡುಗರನ್ನು ಕಂಡರೆ ಅವರಿಗೆ ಸಿಟ್ಟು. "ಕಾರ್ಬುರೇಟರ್ ಎಲ್ಲಿಗೂ ಓಡಿಹೋಗುವುದಿಲ್ಲ ಸ್ವಾಮಿ, ಮೊದಲು ಪಾಯಿಂಟ್ ನೋಡಿ" ಎನ್ನುತ್ತಿದ್ದರು. ಕಿಡಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಡಬ್ಬಿ ಡಿಸ್ಟ್ರಿಬ್ಯೂಟರ್; ಅದರೊಳಗೆ ಕೂಡಿ ಬಿಟ್ಟು ಕಿಡಿಗೆ ಹೊತ್ತು ಕೊಡುವ ಪುಟ್ಟ ಸ್ವಿಚ್ಚೇ ಪಾಯಿಂಟ್.

ಅವರ ಮಾತಿಗೆ ಬೆಲೆ ಎಷ್ಟೆಂದು ಗೊತ್ತಾದದ್ದು ಕಂಡೆನ್ಸರ್ ಕೆಟ್ಟಾಗ. ಬೆಳಗ್ಗೆ ತಣ್ಣಗಿರುವಾಗ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಕ್ಯಾತ್ಸಂದ್ರ ದಾಟಿ ಬಿಸಿಯೇರಿದೊಡನೆ ಪಟಪಟ ಮಿಸ್ ಹೊಡೆದು ಆರಿಹೋಗುತ್ತಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಬೆರಳಿನಿಂದ ಪಾಯಿಂಟ್ ಬಿಡಿಸಿ ನೋಡಿದಾಗ, ಸಾಸಿವೆ ಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಆ ಲೋಹದ ಮುಖದಲ್ಲಿ ಒಂದು ಕಡೆ ಗುಳಿ, ಎದುರು ಕಡೆ ಅಷ್ಟೇ ಗಾತ್ರದ ಮೊನೆ, ಸುತ್ತಲೂ ಸುಟ್ಟ ಕಪ್ಪು. ಪಾಯಿಂಟ್ ಬಿಡುವ ಕ್ಷಣದಲ್ಲಿ ನುಗ್ಗುವ ಕರೆಂಟನ್ನು ಹೀರಿಕೊಳ್ಳುವುದು ಕಂಡೆನ್ಸರಿನ ಕೆಲಸ. ಅದು ಸೋತರೆ ಪ್ಲಗ್ಗಿನಲ್ಲಿ ಹಾರಬೇಕಾದ ಕಿಡಿಯ ಬಲವೆಲ್ಲ ಪಾಯಿಂಟಿನಲ್ಲೇ ಸುಟ್ಟುಹೋಗುತ್ತದೆ. ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ ಕಬ್ಬಿಣಕ್ಕೆ ತಾಗಿಸಿಟ್ಟು ಸ್ಟಾರ್ಟರ್ ತಿರುಗಿಸಿದರೆ ನೀಲಿ ಕಿಡಿ ಚಟ್ಟನೆ ಹಾರಬೇಕು. ಅಂದು ಕಂಡದ್ದು ತೆಳ್ಳನೆಯ ಹಳದಿ ಗೆರೆ. ಈ ಪರೀಕ್ಷೆ ಮಾಡುವಾಗ ಹತ್ತಿರ ಪೆಟ್ರೋಲ್ ವಾಸನೆ ಕೂಡ ಇರಬಾರದು, ವೈರನ್ನು ಬರಿಗೈಯಲ್ಲಿ ಹಿಡಿಯಲೂಬಾರದು.

ಬ್ಯಾಟರಿಯ ಕರೆಂಟನ್ನು ಕಿಡಿ ಹಾರುವಷ್ಟು ಬಲಪಡಿಸುವ ಕಾಯಿಲ್ ಕೆಟ್ಟರೂ ಇದೇ ಆಟ. ಬಿಸಿಯಾದಾಗ ಸಾಯುತ್ತದೆ, ಅರ್ಧ ಗಂಟೆ ಆರಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ತಣ್ಣಗಾದ ಮೇಲೆ ಗ್ಯಾರೇಜಿಗೆ ಕೊಂಡೊಯ್ದರೆ ಯಾವ ದೋಷವೂ ಸಿಗುವುದಿಲ್ಲ. ಆದ್ದರಿಂದ ಕಿಡಿಯನ್ನು ನಿಂತ ಜಾಗದಲ್ಲೇ, ಎಂಜಿನ್ ಬಿಸಿಯಿರುವಾಗಲೇ ನೋಡಬೇಕು. ಹಳೆಯ ಕಾರಿನವರಿಗೆ ನಾನು ಒತ್ತಿ ಹೇಳುವ ಮಾತು ಇದೊಂದೇ.

ಕಿಡಿ ಸರಿಯಿದ್ದೂ ನಿಂತರೆ ಪೆಟ್ರೋಲ್ ಕಡೆ ತಿರುಗಿ. ನಾಮದ ಚಿಲುಮೆ ದಾಟಿ ದುರ್ಗದ ಏರು ಹತ್ತುವಾಗ, ಅದರಲ್ಲೂ ಏಪ್ರಿಲ್ ಮಧ್ಯಾಹ್ನ, ಕೆಳಗಿನ ಗೇರಿನಲ್ಲಿ ಎಂಜಿನ್ ದುಡಿಯುತ್ತಿರುತ್ತದೆ, ಎದುರು ಗಾಳಿ ಇರುವುದಿಲ್ಲ. ಬಾನೆಟ್ ಒಳಗಿನ ಕಾವಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತದೆ. ಎಂಜಿನ್ನಿಗೆ ಅಂಟಿಕೊಂಡಿರುವ ಪಂಪ್ ದ್ರವವನ್ನು ತಳ್ಳಬಲ್ಲದೇ ಹೊರತು ಆವಿಯನ್ನು ತಳ್ಳಲಾರದು. ಮೆಕ್ಯಾನಿಕ್‌ಗಳು ಏರ್ ಲಾಕ್ ಎನ್ನುವುದು ಇದಕ್ಕೇ. ನೆರಳಿನಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಪಂಪ್ ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಎಂಜಿನ್ನಿನ ಹೊಗೆ ಹೊರಹೋಗುವ ಕಾದ ಮ್ಯಾನಿಫೋಲ್ಡ್ ಮೇಲೆ ಮಾತ್ರ ನೀರು ಬೀಳಕೂಡದು, ಎರಕದ ಕಬ್ಬಿಣ ಸೀಳಿಬಿಡುತ್ತದೆ. ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ತೆರೆಯಿರಿ. ಬುಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿಯ ಕಿಂಡಿ ಕಟ್ಟಿದೆ ಎಂದರ್ಥ. ಆ ಎಳೆತಕ್ಕೆ ಪಂಪ್ ಸೋತಿರುತ್ತದೆ.

ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು. ಈ ಪೆಟ್ರೋಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ತಳದಲ್ಲಿ ಕೂತಿದ್ದ ಕೊಳೆಯನ್ನು ಎಬ್ಬಿಸುತ್ತದೆ, ತೇವವನ್ನು ಹೀರುತ್ತದೆ. ಹಾಗಾಗಿ ರಬ್ಬರ್ ಪೈಪುಗಳನ್ನೂ ಪಂಪಿನೊಳಗಿನ ಪೊರೆಯಾದ ಡಯಾಫ್ರಮ್ಮನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳುವುದು ಖರ್ಚಾದರೂ ಅಗತ್ಯ. ಡಯಾಫ್ರಮ್ ಹರಿದರೆ ಪೆಟ್ರೋಲ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಮೂಸಿದರೆ ತಿಳಿಯುತ್ತದೆ.

ಭದ್ರಮ್ಮ ವೃತ್ತದಂಥ ಕಡೆ ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಆರಿ, ಒತ್ತಿದರೆ ಓಡುವುದಾದರೆ ಕಾರ್ಬುರೇಟರಿನ ಐಡ್ಲಿಂಗ್ ಜೆಟ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಹಾಯುವ ಸಣ್ಣ ರಂಧ್ರ, ಕಟ್ಟಿರುತ್ತದೆ. ಗಾಳಿ ಊದಿ ಬಿಡಿಸಿ, ತಂತಿ ತೂರಿಸಬೇಡಿ. ರಂಧ್ರ ಹಿಗ್ಗಿದರೆ ಜೆಟ್ ಹೋದಂತೆಯೇ.

ಈ ಕಾರಿನ ದೊಡ್ಡ ಕೊರತೆ ಬಿಡಿಭಾಗ. ಅಂಗಡಿಯಲ್ಲಿ ಸಿಕ್ಕ ಹೊಸ ಕಂಡೆನ್ಸರ್ ಒಂದು ಮಳೆಗಾಲವೂ ಬಾಳಲಿಲ್ಲ, ಆಮೇಲೆ ಹಾಕಿದ ಸೆಕೆಂಡ್ ಹ್ಯಾಂಡ್ ಹಳೆಯದು ಇನ್ನೂ ದುಡಿಯುತ್ತಿದೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದಾಗಲೆಲ್ಲ ಪಾಯಿಂಟ್ ಸೆಟ್ಟು ಹುಡುಕಿ ತಂದು ಡಿಕ್ಕಿಯಲ್ಲಿಡುತ್ತೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಬಿಡಿಭಾಗದ ಕೊರತೆಗೆ. ಎ.ಸಿ. ಬೇಕು, ಬಾನೆಟ್ ಎತ್ತುವ ವ್ಯವಧಾನವಿಲ್ಲ ಎನ್ನುವವರಿಗೆ ಇದು ಬೇಡ. ಕೊಳ್ಳುವುದಾದರೆ, ಮಾಲೀಕರು ಮೊದಲೇ ಬಿಸಿ ಮಾಡಿಟ್ಟ ಕಾರನ್ನು ನೋಡಿ ಒಪ್ಪಬೇಡಿ. ನೀವೇ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಂದು ಗಂಟೆ ಓಡಿಸಿ, ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕೀಲಿ ತಿರುಗಿಸಿ. ಹಣದ ಮಾತು ಅದಾದ ಮೇಲೆ.