ನಿಂತ ಯಂತ್ರದ ಪಿಡಿ, ಓಡುವ ಯಂತ್ರದ ಪಿಡಿ: ಒಂದೇ ಸ್ಟೇಟರ್, ಎರಡು ವರದಿ

11 ಕೆವಿಯ ಒಂದು ಜಲವಿದ್ಯುತ್ ಜನರೇಟರಿನ ಸ್ಟೇಟರ್ ವೈಂಡಿಂಗಿನಲ್ಲಿ (ತಿರುಗದ ಭಾಗದ ತಾಮ್ರದ ಸುತ್ತುಗಳಲ್ಲಿ) ಭಾಗಶಃ ವಿಸರ್ಜನೆಯನ್ನು, ಅಂದರೆ ಇನ್ಸುಲೇಷನ್ನಿನ ದುರ್ಬಲ ಜಾಗಗಳಲ್ಲಿ ಹಾರುವ, ನಾವು ದಿನವೂ ಪಿಡಿ ಎಂದು ಕರೆಯುವ ಸಣ್ಣ ಕಿಡಿಗಳನ್ನು, ಒಂದೇ ವರ್ಷದೊಳಗೆ ಎರಡು ವಿಧಾನಗಳಲ್ಲಿ ಅಳೆಯುವ ಸಂದರ್ಭ ನಮಗೆ ಒದಗಿತು. ಯಂತ್ರ ಓಡುತ್ತಿದ್ದಾಗ ಆನ್‌ಲೈನ್ ಪರೀಕ್ಷೆ ನಡೆಯಿತು. ಕೆಲವು ತಿಂಗಳ ನಂತರ ಯಂತ್ರವನ್ನು ನಿಲ್ಲಿಸಿ, ರೋಟರ್ ಹೊರತೆಗೆದಾಗ ಆಫ್‌ಲೈನ್ ಪರೀಕ್ಷೆ ನಡೆಯಿತು. ಮೊದಲನೆಯದು ವೈಂಡಿಂಗಿನ ಆರ್, ವೈ, ಬಿ ಎಂಬ ಮೂರು ಫೇಸ್‌ಗಳ ಪೈಕಿ ಬಿ ಫೇಸಿನ ಮೇಲೆ ಬೊಟ್ಟು ಮಾಡಿತು. ಎರಡನೆಯದು ಬಿ ಫೇಸ್ ಚೆನ್ನಾಗಿದೆ, ತೊಂದರೆ ಇರುವುದು ವೈ ಫೇಸಿನಲ್ಲಿ ಎಂದಿತು.

ಆಫ್‌ಲೈನ್ ಪರೀಕ್ಷೆಯ ದೊಡ್ಡ ಅನುಕೂಲವೆಂದರೆ ವೋಲ್ಟೇಜ್ ನಮ್ಮ ಕೈಯಲ್ಲಿರುತ್ತದೆ. ಒಂದೊಂದೇ ಫೇಸಿಗೆ ನಿಧಾನವಾಗಿ ವೋಲ್ಟೇಜ್ ಏರಿಸುತ್ತ ಪಿಡಿ ಯಾವ ಹಂತದಲ್ಲಿ ಹುಟ್ಟುತ್ತದೆ, ಇಳಿಸುವಾಗ ಯಾವ ಹಂತದಲ್ಲಿ ಆರುತ್ತದೆ ಎಂಬುದನ್ನು ನೋಡಬಹುದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ದೊಡ್ಡ ಸ್ಟೇಟರಿನ ಕೆಪಾಸಿಟೆನ್ಸ್ ಹೆಚ್ಚಿರುವುದರಿಂದ ಪರೀಕ್ಷೆಯ ವೋಲ್ಟೇಜ್ ಕೊಡುವ ರೆಸೊನೆಂಟ್ ಟೆಸ್ಟ್ ಸೆಟ್ಟನ್ನು ಲಾರಿಯಲ್ಲಿ ತರಿಸಬೇಕಾಯಿತು, ಮತ್ತು ಅಷ್ಟೂ ದಿನ ಉತ್ಪಾದನೆ ನಿಂತಿತ್ತು. ಆನ್‌ಲೈನ್ ಪರೀಕ್ಷೆಗೆ ಹಿಂದಿನ ಶಟ್‌ಡೌನಿನಲ್ಲೇ ಫೇಸಿಗೆ ಎರಡರಂತೆ 80 ಪಿಕೊಫ್ಯಾರಡ್‌ನ ಆರು ಕಪ್ಲರ್‌ಗಳನ್ನು (ಪಿಡಿ ಪಲ್ಸ್‌ಗಳನ್ನು ಹಿಡಿದುಕೊಡುವ ಕೆಪಾಸಿಟರ್‌ಗಳನ್ನು) ಕೂರಿಸಿದ್ದೆವು. ಅಲ್ಲಿಂದಾಚೆಗೆ ಉಪಕರಣವನ್ನು ಟರ್ಮಿನಲ್ ಪೆಟ್ಟಿಗೆಗೆ ಜೋಡಿಸಿ ಓದಿಕೊಂಡರೆ ಮುಗಿಯಿತು.

ಎರಡು ವರದಿಗಳ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದೇ ಮೊದಲ ತಪ್ಪು. ಆಫ್‌ಲೈನ್ ಅಂಕಿ ಪಿಕೊಕೂಲಂಬ್‌ನಲ್ಲಿದೆ, ಆನ್‌ಲೈನ್ ಅಂಕಿ ಮಿಲಿವೋಲ್ಟ್‌ನಲ್ಲಿದೆ. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವ ಸೂತ್ರವಿಲ್ಲ. ವೈಂಡಿಂಗ್ ಬರಿಯ ಕೆಪಾಸಿಟರ್ ಅಲ್ಲ, ಅದರಲ್ಲಿ ಇಂಡಕ್ಟೆನ್ಸ್ ಕೂಡ ಇದೆ. ಆದ್ದರಿಂದ ಒಳಗೆಲ್ಲೋ ಹುಟ್ಟಿದ ಪಲ್ಸ್ ಟರ್ಮಿನಲ್ಲಿಗೆ ಬರುವಷ್ಟರಲ್ಲಿ ಕುಗ್ಗಿರುತ್ತದೆ, ಆಕಾರವೂ ಬದಲಾಗಿರುತ್ತದೆ. ಇಷ್ಟು ಪಿಕೊಕೂಲಂಬ್ ದಾಟಿದರೆ ವೈಂಡಿಂಗ್ ಕೆಟ್ಟಿತು ಎಂದು ಗೆರೆ ಎಳೆಯುವವರನ್ನು ನಾನು ನಂಬುವುದಿಲ್ಲ. ಮೈಕಾ ಇನ್ಸುಲೇಷನ್ ವರ್ಷಗಟ್ಟಲೆ ಪಿಡಿಯನ್ನು ತಾಳಿಕೊಳ್ಳಬಲ್ಲದು. ಅದೇ ಉಪಕರಣದಿಂದ, ಅದೇ ಲೋಡಿನಲ್ಲಿ, ಅದೇ ತಾಪಮಾನದಲ್ಲಿ ಓದಿದಾಗ ಅಂಕಿ ಏರುತ್ತ ಹೋಗುತ್ತಿದೆಯೇ ಎಂಬುದನ್ನೇ ಮುಖ್ಯವಾಗಿ ನೋಡಬೇಕು.

ಬಿ ಫೇಸಿನ ಆನ್‌ಲೈನ್ ಚಿತ್ರದಲ್ಲಿ ನಮ್ಮ ಗಮನ ಸೆಳೆದದ್ದು ಪಲ್ಸ್‌ಗಳ ಧ್ರುವತೆ. ಇನ್ಸುಲೇಷನ್ನಿನ ನಡುವಿನ ಪೊಳ್ಳುಗಳಲ್ಲಿ ವಿಸರ್ಜನೆ ನಡೆಯುತ್ತಿದ್ದರೆ ಧನ ಮತ್ತು ಋಣ ಪಲ್ಸ್‌ಗಳು ಹೆಚ್ಚುಕಡಿಮೆ ಸಮನಾಗಿರುತ್ತವೆ. ತಾಮ್ರಕ್ಕೆ ಅಂಟಿದ ಪದರದಲ್ಲಿ ಬಿರುಕು ಬಿಟ್ಟಿದ್ದರೆ ಋಣ ಪಲ್ಸ್‌ಗಳು ಮೇಲುಗೈ ಪಡೆಯುತ್ತವೆ. ಬಾರಿನ (ಇನ್ಸುಲೇಷನ್ ಸುತ್ತಿದ ತಾಮ್ರದ ವಾಹಕದ) ಹೊರಮೈ ಮತ್ತು ಸ್ಟೇಟರಿನ ಕಬ್ಬಿಣದ ಕೋರಿನ ನಡುವೆ ನಡೆಯುತ್ತಿದ್ದರೆ ಧನ ಪಲ್ಸ್‌ಗಳು ಹೆಚ್ಚಿರುತ್ತವೆ. ಇಲ್ಲಿ ಋಣ ಅರ್ಧಚಕ್ರದಲ್ಲಿ ಕಾಣುವ ಧನ ಪಲ್ಸ್‌ಗಳ ಗುಡ್ಡೆ, ಎದುರಿನ ಗುಡ್ಡೆಗಿಂತ ಸ್ಪಷ್ಟವಾಗಿ ಎತ್ತರವಾಗಿತ್ತು. ಹೊರಮೈಯಲ್ಲಿಯೂ ಎರಡು ಕಾರಣಗಳಿರಬಹುದು: ಬಾರ್ ಸಡಿಲವಾಗಿರುವುದು, ಇಲ್ಲವೇ ಸೆಮಿಕಂಡಕ್ಟಿವ್ ಲೇಪ ಸವೆದಿರುವುದು. ಇವೆರಡನ್ನು ಬೇರ್ಪಡಿಸಲು ವೈಂಡಿಂಗ್ ಬಿಸಿಯಾಗುವ ಮೊದಲೇ ಲೋಡನ್ನು ಬೇಗನೆ ಏರಿಸಿ ಓದಿದೆವು. ಸ್ಲಾಟಿನೊಳಗೆ, ಅಂದರೆ ಬಾರ್ ಕೂರುವ ಕೋರಿನ ಸಂದಿನೊಳಗೆ, ಬಾರನ್ನು ಸೆಕೆಂಡಿಗೆ 100 ಸಲ ಅಲುಗಿಸುವ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಲೋಡ್ ಏರಿದೊಡನೆ ಪಿಡಿಯೂ ಏರಿದ್ದರಿಂದ ಬಾರ್‌ಗಳು ಸಡಿಲವಾಗಿವೆ ಎಂಬ ತೀರ್ಮಾನಕ್ಕೆ ಬಂದೆವು.

ನಿಂತ ಯಂತ್ರದಲ್ಲಿ ಆ ಬಲವೇ ಇಲ್ಲ. ಸಡಿಲವಾದ ಬಾರ್ ಕೂಡ ಸ್ಲಾಟಿನ ಗೋಡೆಗೆ ಒರಗಿ ಸುಮ್ಮನಿರುತ್ತದೆ, ಆದ್ದರಿಂದಲೇ ಆಫ್‌ಲೈನ್ ವರದಿಯಲ್ಲಿ ಬಿ ಫೇಸ್ ಪಾಸಾಗಿತ್ತು. ಆನ್‌ಲೈನ್‌ನಲ್ಲಿ ವಿದ್ಯುತ್ ಗದ್ದಲದ ಕಾಟ ಇರುವುದು ನಿಜ. ರೋಟರಿಗೆ ಕರೆಂಟ್ ಕೊಡುವ ಎಕ್ಸೈಟೇಷನ್ನಿನ ಥೈರಿಸ್ಟರ್‌ಗಳು ಮತ್ತು ಬ್ರಷ್‌ಗಳ ಕಿಡಿಗಳು ಪಿಡಿಯಂತೆಯೇ ಕಾಣಬಹುದು. ಜೋಡಿ ಕಪ್ಲರ್‌ಗಳಿಗೆ ಒಂದೇ ಕ್ಷಣದಲ್ಲಿ ತಲುಪುವ ಪಲ್ಸ್ ಹೊರಗಿನದು ಎಂದು ತೆಗೆದುಹಾಕುವ ವ್ಯವಸ್ಥೆಯಿಂದ ಇದು ಬಹುಮಟ್ಟಿಗೆ ಬಗೆಹರಿಯುತ್ತದೆ.

ಬಾರ್‌ಗಳನ್ನು ಸ್ಲಾಟಿನಲ್ಲಿ ಬಿಗಿಯಾಗಿ ಹಿಡಿದಿಡುವ ವೆಜ್‌ಗಳನ್ನು ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋದಾಗ ಬಿಗಿಯಾದವು ಗಟ್ಟಿ ಸದ್ದು ಕೊಟ್ಟವು. ಬಿ ಫೇಸಿನ ಲೈನ್ ತುದಿಯ (ವಿದ್ಯುತ್ ಹೊರಹೋಗುವ ಕಡೆಯ) ಕೆಲವು ಸ್ಲಾಟ್‌ಗಳಲ್ಲಿ ಮಾತ್ರ ಟೊಳ್ಳು ಸದ್ದು ಬಂದು, ಬೆರಳ ತುದಿಗೆ ಅದುರು ತಾಕಿತು. ಅವನ್ನು ಬಿಚ್ಚಿದಾಗ ಬಾರಿನ ಬದಿಯಲ್ಲಿ ಕಪ್ಪು ಸೆಮಿಕಂಡಕ್ಟಿವ್ ಲೇಪ ಅಲ್ಲಲ್ಲಿ ಸವೆದು, ಬಿಳಿ ಪುಡಿ ಕೂತಿತ್ತು.

ಹಾಗೆಂದು ವೈ ಫೇಸಿನ ವರದಿ ಸುಳ್ಳಲ್ಲ. ಆಫ್‌ಲೈನ್‌ನಲ್ಲಿ ಲೈನ್ ತುದಿಯಿಂದ, ಮೂರೂ ಫೇಸ್‌ಗಳು ಸೇರುವ ನ್ಯೂಟ್ರಲ್ ತುದಿಯವರೆಗೆ ಇಡೀ ಫೇಸಿಗೆ ಒಂದೇ ವೋಲ್ಟೇಜ್ ಬೀಳುತ್ತದೆ. ಪಿಡಿ ಇರುವ ಜಾಗ ತೋರಿಸುವ ಕರೋನಾ ಪ್ರೋಬ್ ಹಿಡಿದು ಸ್ಲಾಟ್ ಸ್ಲಾಟಿಗೂ ಹುಡುಕಿದಾಗ ದೋಷ ನ್ಯೂಟ್ರಲ್ ಪಕ್ಕದ ಬಾರಿನಲ್ಲಿ ಸಿಕ್ಕಿತು. ಓಡುವಾಗ ಲೈನ್ ತುದಿಗೆ 6.35 ಕೆವಿ ಇದ್ದರೂ ಆ ಬಾರಿಗೆ ಭೂಮಿಯ ಎದುರು ಬರುವ ವೋಲ್ಟೇಜ್ ತೀರಾ ಕಡಿಮೆ, ಪಿಡಿ ಅಲ್ಲಿ ಹುಟ್ಟುವುದೇ ಇಲ್ಲ. ಸಡಿಲ ಸ್ಲಾಟ್‌ಗಳಿಗೆ ಹೊಸ ವೆಜ್ ಬಡಿಸಿ, ವೈ ಫೇಸನ್ನು ಮುಟ್ಟದೆ ಬಿಟ್ಟೆವು. ಆದರೆ ಲೈನ್ ತುದಿಯ ಬಾರ್‌ಗಳ ಆಯುಷ್ಯ ಉಳಿಸಲು ಮುಂದೊಮ್ಮೆ ಯಾರಾದರೂ ಲೈನ್ ಮತ್ತು ನ್ಯೂಟ್ರಲ್ ತುದಿಗಳನ್ನು ಅದಲುಬದಲು ಮಾಡಲು ಹೊರಟರೆ, ಅದೇ ಬಾರಿನ ಮೇಲೆ ಪೂರ್ತಿ ವೋಲ್ಟೇಜ್ ಬೀಳುತ್ತದೆ. ಆ ಸ್ಲಾಟಿನ ಸಂಖ್ಯೆಯನ್ನು ಯಂತ್ರದ ಲಾಗ್ ಪುಸ್ತಕದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇವೆ.