ಮಾಡು ಕತ್ತರಿಸಿದ ಓಮ್ನಿ ಪಿಕಪ್ಪನ್ನು ಕೊಳ್ಳುವ ಮುನ್ನ

ಹಳೆಯ ಓಮ್ನಿ ವ್ಯಾನಿನ ಹಿಂಭಾಗದ ಮಾಡನ್ನು, ಎಂದರೆ ಚಾವಣಿಯನ್ನು, ಕತ್ತರಿಸಿ, ಅಲ್ಲಿ ಸಾಮಾನು ಹಾಕುವ ತೊಟ್ಟಿ ಕಟ್ಟಿಸಿದ ಪಿಕಪ್ ಗಾಡಿಗಳು ನಮ್ಮ ಕಡೆ ಆಗಾಗ ಮಾರಾಟಕ್ಕೆ ಬರುತ್ತವೆ. 2021ರಲ್ಲಿ ಅಂಥದ್ದೊಂದನ್ನು 65,000 ರೂಪಾಯಿಗೆ ಕೊಂಡು, ಮುಂದಿನ ಎರಡು ವರ್ಷಗಳಲ್ಲಿ ಅದರ ಮೇಲೆ ಇನ್ನೂ 1,80,000 ರೂಪಾಯಿ ಸುರಿದು, ಕೊನೆಗೆ ಗುಜರಿಗೆ ಕೊಟ್ಟವನು ನಾನು. ನಾನು ಮೊದಲು ಎಂಜಿನ್ನಿಗೆ, ಆಮೇಲೆ ಬಣ್ಣಕ್ಕೆ, ಎಲ್ಲಕ್ಕಿಂತ ಕೊನೆಗೆ ಗಾಡಿಯ ತಳಕ್ಕೆ ಮತ್ತು ಕಾಗದಪತ್ರಕ್ಕೆ ಗಮನ ಕೊಟ್ಟೆ. ಇದೇ ಕ್ರಮದಲ್ಲಿ ಕೆಲಸ ಶುರು ಮಾಡಲು ಹೊರಟವರು ದಯವಿಟ್ಟು ಇದನ್ನು ಓದಿ ಮುಂದುವರಿಯಿರಿ.

ಸಾಗರದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಅಡಿಕೆ ಗೊನೆ, ಗೊಬ್ಬರ, ಸಸಿ ಸಾಗಿಸಲು ಒಂದು ಚಿಕ್ಕ ಗಾಡಿ ಬೇಕಿತ್ತು. ಓಮ್ನಿಯನ್ನು ರಿಪೇರಿ ಮಾಡಲು ಬಾರದ ಮೆಕ್ಯಾನಿಕ್ ಮಲೆನಾಡಿನಲ್ಲಿ ಸಿಗುವುದಿಲ್ಲ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರವರೆಗೆ ತಯಾರಾದ ಗಾಡಿಯಾದ್ದರಿಂದ ಬಿಡಿಭಾಗಗಳಿಗೂ ಪರದಾಡಬೇಕಾಗಿಲ್ಲ. ನಾನು ಕೊಂಡದ್ದು 1998ರ ಮಾದರಿ. ಹಿಂದಿನ ಮಾಲೀಕರು 2018ರಲ್ಲಿ ನೋಂದಣಿ ನವೀಕರಿಸಿದ ಮೇಲೆ, ಮುಂದಿನ ಸೀಟುಗಳ ಹಿಂದೆ ಮಾಡನ್ನು ಕೊಯ್ಸಿ, ಅಡ್ಡಲಾಗಿ ಒಂದು ತಗಡಿನ ಗೋಡೆ ಹಚ್ಚಿಸಿ, ಹಿಂದೆ ತೊಟ್ಟಿ ಮಾಡಿಸಿದ್ದರು. ನೋಡಲು ಬಹಳ ಅಚ್ಚುಕಟ್ಟಾಗಿತ್ತು, ಒಂದೇ ನೋಟಕ್ಕೆ ನನಗೆ ಹಿಡಿಸಿತು.

ಆಗ ನನಗೆ ತಿಳಿಯದೆ ಇದ್ದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಟಾಟಾ ಏಸ್‌ನಂಥ ಗಾಡಿಯಲ್ಲಿ ಕೆಳಗೆ ಗಟ್ಟಿಯಾದ ಚಾಸಿ, ಎಂದರೆ ಉಕ್ಕಿನ ಚೌಕಟ್ಟು, ಇರುತ್ತದೆ. ಕ್ಯಾಬಿನ್ನೂ ತೊಟ್ಟಿಯೂ ಅದರ ಮೇಲೆ ಬೇರೆ ಬೇರೆಯಾಗಿ ಕೂರುತ್ತವೆ, ಆದ್ದರಿಂದ ತೊಟ್ಟಿಯನ್ನು ಬಿಚ್ಚಿಟ್ಟರೂ ಗಾಡಿಯ ಬೆನ್ನು ಹಾಗೆಯೇ ಉಳಿಯುತ್ತದೆ. ಓಮ್ನಿಯಲ್ಲಿ ಅಂಥ ಪ್ರತ್ಯೇಕ ಚಾಸಿ ಇಲ್ಲ. ತಳದಲ್ಲಿ ಉದ್ದಕ್ಕೆ ಹೋಗುವ ತಗಡಿನ ತೊಲೆಗಳಿದ್ದರೂ ಅವು ನೆಲದ ತಗಡಿಗೇ ಬೆಸೆದುಕೊಂಡಿರುತ್ತವೆ; ನೆಲ, ಪಕ್ಕದ ಗೋಡೆಗಳು, ಕಂಬಗಳು, ಮಾಡು ಎಲ್ಲವೂ ಕೂಡಿ ಒಂದು ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಹದಿನೈದು ಕಿಲೋ ಎಣ್ಣೆ ಡಬ್ಬದ ಒಂದು ಮೈಯನ್ನು ಪೂರ್ತಿ ಕತ್ತರಿಸಿ ತೆಗೆದು, ಎರಡು ಮೂಲೆ ಹಿಡಿದು ತಿರುಚಿ ನೋಡಿದವರಿಗೆ ಮಾಡು ಹೋದ ವ್ಯಾನಿನ ಸ್ಥಿತಿ ಅರ್ಥವಾಗುತ್ತದೆ. ಕತ್ತರಿಸಿದವರು ಆ ಬಲವನ್ನು ಕೆಳಗೆ ಬೇರೆ ತೊಲೆ ಕೊಟ್ಟು ತುಂಬಿರಬೇಕು. ನನ್ನ ಗಾಡಿಗೆ ಕೊಟ್ಟಿದ್ದದ್ದು ಎರಡು ತೆಳು ಆ್ಯಂಗಲ್ ಪಟ್ಟಿ, ಅದೂ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸುಗೆ ಹಾಕಿದ್ದು.

ಇದೊಂದನ್ನೂ ನೋಡದೆ ನಾನು ಎಂಜಿನ್ ಬದಲಿಸಲು ಹೊರಟೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಲೋಡು ಹಾಕಿದಾಗ ಏರಿನಲ್ಲಿ ಏದುಸಿರು ಬಿಡುತ್ತದೆಂದು, ಗುಜರಿಯಿಂದ ಬಂದ ಜಿಪ್ಸಿಯ 1298 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನನ್ನು, ಗೇರ್‌ಬಾಕ್ಸ್ ಸಮೇತ, ಸೀಟಿನ ಕೆಳಗಿನ ಆ ಇಕ್ಕಟ್ಟಿನಲ್ಲಿ ಕೂರಿಸಿಕೊಡುವುದಾಗಿ ಒಂದು ಗ್ಯಾರೇಜಿನವರು ಒಪ್ಪಿಕೊಂಡರು. ಎಂಜಿನ್, ಹೊಸ ಮೌಂಟಿಂಗು, ರೇಡಿಯೇಟರು, ವೈರಿಂಗು ಸೇರಿ 95,000 ರೂಪಾಯಿ ಆಯಿತು. ಎಂಜಿನ್ನಿನ ಬಗ್ಗೆ ದೂರು ಹೇಳಿದರೆ ಸುಳ್ಳಾಗುತ್ತದೆ, ಅದು ಚೆನ್ನಾಗಿಯೇ ಓಡಿತು. ಅದು ಓಡಿದ್ದರಿಂದಲೇ ಉಳಿದ ದೋಷಗಳು ಮರೆಯಾದವು. ಅದೇ ಉತ್ಸಾಹದಲ್ಲಿ ಟಿಂಕರಿಂಗಿಗೂ ಬಣ್ಣಕ್ಕೂ 45,000 ಕೊಟ್ಟೆ.

2022ರ ಮಳೆಗಾಲದಲ್ಲಿ ಹೊಸನಗರದಲ್ಲಿ ಸಸಿ ಇಳಿಸಿ ಖಾಲಿ ತೊಟ್ಟಿಯೊಂದಿಗೆ ಹಿಂದಿರುಗುತ್ತಿದ್ದೆ. ಒಂದು ತಿರುವಿನಲ್ಲಿ ದನ ಅಡ್ಡ ಬಂದಿತೆಂದು ಬ್ರೇಕ್ ಒತ್ತಿದೆ. ಹಿಂದಿನ ಎರಡು ಚಕ್ರಗಳೂ ಒಮ್ಮೆಗೇ ಕಚ್ಚಿಕೊಂಡು, ಗಾಡಿಯ ಹಿಂಭಾಗ ರಸ್ತೆಯ ಮೇಲೆ ಬಾಗಿಲಿನಂತೆ ತಿರುಗಿ, ಎಡಗಡೆಯ ಮೂಲೆ ರಸ್ತೆ ಬದಿಯ ಮಣ್ಣಿನ ದರೆಗೆ ಬಡಿಯಿತು. ನನಗೆ ಪೆಟ್ಟಾಗಲಿಲ್ಲ. ಎದುರಿನಿಂದ ಯಾರಾದರೂ ಬೈಕಿನಲ್ಲಿ ಬರುತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಕಾರಣ ಆಮೇಲೆ ತಿಳಿಯಿತು: ಚಾಲಕನೂ ಎಂಜಿನ್ನೂ ಮುಂದೆ, ಹಿಂದಿದ್ದ ಮಾಡು, ಗಾಜು, ಸೀಟು, ಬಾಗಿಲುಗಳೆಲ್ಲ ಹೋಗಿ ಹಿಂದಿನ ಚಕ್ರಗಳ ಮೇಲೆ ಭಾರವೇ ಇರಲಿಲ್ಲ, ಅದರ ಮೇಲೆ ನಾನು ಮುಂದಕ್ಕೆ ಇನ್ನೂ ಭಾರವಾದ ಎಂಜಿನ್ ಕೂರಿಸಿ, ಬ್ರೇಕನ್ನು ಮಾತ್ರ ಹಳೆಯದನ್ನೇ ಉಳಿಸಿದ್ದೆ. ಇದು ಊರಿನ ಗ್ಯಾರೇಜುಗಳಿಗೆ ಮಾತ್ರ ಎದುರಾದ ತೊಡಕಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿಯು 1961ರಲ್ಲಿ ತನ್ನ ಇಕಾನೊಲೈನ್ ವ್ಯಾನಿನ ಮೇಲೆ ಪಿಕಪ್ ಕಟ್ಟಿದಾಗ ಮುಂಭಾಗವೇ ಭಾರವಾಯಿತೆಂದು, ಹಿಂದಿನ ಚಕ್ರಗಳ ಮೇಲ್ಭಾಗದಲ್ಲಿ 165 ಪೌಂಡಿನ, ಎಂದರೆ ಸುಮಾರು 75 ಕಿಲೋ ತೂಕದ ಕಬ್ಬಿಣವನ್ನು ಕೂರಿಸಬೇಕಾಯಿತು. ಕಾರ್ಖಾನೆಯವರೇ ಲೆಕ್ಕ ಹಾಕಿ ಸರಿಪಡಿಸಿದ ವಿಷಯವನ್ನು ನಾನು ಯೋಚಿಸಿಯೂ ಇರಲಿಲ್ಲ.

ಗುದ್ದಿದ ಮೂಲೆಯನ್ನು ಸರಿಮಾಡಿಸಲು ಈ ಸಲ ಬೇರೊಬ್ಬ ಹಿರಿಯ ಟಿಂಕರ್ ಬಳಿಗೆ ಒಯ್ದೆ. ಅವರು ಒಡೆದ ಬಣ್ಣದ ಅಂಚನ್ನು ಉಗುರಿನಿಂದ ಎಬ್ಬಿಸಿದರು. ತಗ್ಗು, ತೂತು ಮುಚ್ಚಲು ಮೆತ್ತುವ ಪುಟ್ಟಿ ಬೆರಳಿನಷ್ಟು ದಪ್ಪದ ಚಕ್ಕೆಯಾಗಿ ಕೈಗೆ ಬಂತು. ಆಮೇಲೆ ಬಾಗಿಲ ಕೆಳಗಿನ ಪೊಳ್ಳು ಪಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಅದು ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಅದರ ಜೊತೆಗೆ ಒದ್ದೆ ಮಣ್ಣು, ತುಕ್ಕಿನ ಪುಡಿ ಮತ್ತು ಕೊಳೆತ ಅಡಿಕೆ ಸಿಪ್ಪೆಯ ನಾರು ಬಂದವು. ಮಳೆಯ ನೀರು ತೊಟ್ಟಿಯಿಂದ ಆ ಪಟ್ಟಿಯೊಳಗೆ ಇಳಿದು, ಹೊರಹೋಗುವ ತೂತುಗಳು ಮುಚ್ಚಿಹೋಗಿ, ವರ್ಷಗಟ್ಟಲೆ ಅಲ್ಲಿಯೇ ನಿಂತಿತ್ತು. “ಅಣ್ಣ, ಮೊದಲೇ ಜಾಕ್ ಕೊಟ್ಟು ನೋಡಿದ್ದರೆ ನಿಮಗೇ ಗೊತ್ತಾಗುತ್ತಿತ್ತು” ಎಂದು ಹೇಳಿ, ಅವರು ಗಾಡಿಯ ಹಿಂದಿನ ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದರು. ನನ್ನ ಕಣ್ಣೆದುರೇ ಡ್ರೈವರ್ ಬಾಗಿಲಿನ ಮೇಲಿನ ಸಂದು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಮುಚ್ಚಿಕೊಂಡಿತು. ತೆರೆದ ಬಾಗಿಲು ಮತ್ತೆ ಚೌಕಟ್ಟಿಗೆ ಕೂರಲಿಲ್ಲ. ಲೋಡು ಹಾಕಿದ ದಿನ ಬಾಗಿಲು ಬಿಗಿಯಾಗುವುದನ್ನು ನಾನು ವರ್ಷದಿಂದ ನೋಡಿದ್ದೆ, ಕೀಲಿನ ದೋಷವೆಂದು ಎಣ್ಣೆ ಬಿಟ್ಟಿದ್ದೆ. ಹಳೆಯ ಕೊಯ್ತದ ಜಾಗದಲ್ಲಿ, ಬಣ್ಣದಡಿ, ಕಂಬದ ಬುಡದಿಂದ ಹೊರಟ ಬಿರುಕು ನೆಲದ ತಗಡಿನವರೆಗೂ ಹೋಗಿತ್ತು.

ಆದರೂ 40,000 ಖರ್ಚು ಮಾಡಿ ತಳಕ್ಕೆ ಪೆಟ್ಟಿಗೆ ತೊಲೆ ಕೊಡಿಸಿದೆ. ಗಾಡಿ ಗಟ್ಟಿಯಾಯಿತು. 2023ರಲ್ಲಿ ನೋಂದಣಿಯ ಅವಧಿ ಮುಗಿದು ಮತ್ತೆ 5 ವರ್ಷಕ್ಕೆ ನವೀಕರಿಸಲು ಹೋದಾಗ, ಮೋಟಾರು ವಾಹನ ನಿರೀಕ್ಷಕರು ಆರ್.ಸಿ.ಯನ್ನೂ ಗಾಡಿಯನ್ನೂ ಒಂದೊಂದು ಸಲ ನೋಡಿ ತಿರಸ್ಕರಿಸಿದರು. ಆರ್.ಸಿ.ಯಲ್ಲಿ ಇರುವುದು ಪ್ರಯಾಣಿಕರ ಖಾಸಗಿ ವ್ಯಾನ್, ಎದುರಿಗೆ ನಿಂತಿರುವುದು ಸರಕಿನ ಗಾಡಿ. ಎಂಜಿನ್ ನಂಬರೂ ಬೇರೆ. ಅವರನ್ನು ದೂರುವುದಕ್ಕೆ ಏನೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಆರ್.ಸಿ.ಯ ವಿವರಗಳು ವ್ಯತ್ಯಾಸವಾಗುವ ಹಾಗೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಹ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಮಾಡು ಕೊಯ್ದವರು ಹಿಂದಿನವರು ಎಂದು ನಾನು ಹೇಳಬಹುದಿತ್ತು. ಎಂಜಿನ್ ಬದಲಿಸಿದವನು ನಾನೇ.

ನೋಂದಣಿಯನ್ನು ರದ್ದು ಮಾಡಿಸಿ ಗಾಡಿಯನ್ನು ಗುಜರಿಗೆ ಕೊಟ್ಟೆ. ಕಾಗದವಿಲ್ಲದೆ ಬಂದ ಎಂಜಿನ್ನನ್ನು ಬೇರೊಬ್ಬರಿಗೆ ಮಾರಲು ಮನಸ್ಸಾಗದೆ ಅದನ್ನೂ ಜೊತೆಗೇ ಕಳಿಸಿದೆ.

ಕಳೆದ ಬೇಸಿಗೆಯಲ್ಲಿ ನೆಂಟರೊಬ್ಬರು ಇಂಥದ್ದೇ ಗಾಡಿ ನೋಡಲು ನನ್ನನ್ನು ಕರೆದೊಯ್ದರು. ಎಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿದ್ದೆ. ಆರ್.ಸಿ.ಯಲ್ಲಿ ಬಾಡಿಯ ವಿಧ ಎಂಬಲ್ಲಿ ವ್ಯಾನ್ ಎಂದೇ ಇತ್ತು. ಬಾಗಿಲ ಕೆಳಗಿನ ಪಟ್ಟಿಗೆ ಅಯಸ್ಕಾಂತ ಹಿಡಿದೆವು. ಮುಂದೆ ಕಚ್ಚಿಕೊಂಡದ್ದು ಕೊಯ್ತದ ಜಾಗಕ್ಕೆ ಬಂದಾಗ ಉದುರಿಬಿತ್ತು; ಪುಟ್ಟಿಗೆ ಅಯಸ್ಕಾಂತ ಕಚ್ಚುವುದಿಲ್ಲ. ಹಿಂದಿನ ಮೂಲೆಗೆ ಜಾಕ್ ಕೊಟ್ಟು ಎತ್ತಿ, ಬಾಗಿಲು ತೆರೆದು ಮತ್ತೆ ಮುಚ್ಚಲು ನೋಡಿದೆವು. ಅದು ಮುಚ್ಚಲಿಲ್ಲ. ಮಾಲೀಕರಿಗೆ ಸಂದನ್ನು ತೋರಿಸಿ, ಜಾಕ್ ಇಳಿಸಿ, ಮುಂಗಡ ಕೊಡದೆ ಹಿಂದಿರುಗಿದೆವು.