ಇಬ್ಬರು ಸ್ನೇಹಿತರು, ಮೂರು ಹಡಗು: ಕಡಿಮೆ ಖರ್ಚಿನ ಕ್ರೂಸ್‌ಗೆ ಯಾವುದು ಸರಿ?

ಹಡಗಿನ ಪ್ರವಾಸ ಅಂದಕೂಡಲೇ ಎಲ್ಲರೂ ಮೊದಲು ನೋಡುವುದು ಟಿಕೆಟ್ ದರ. ಇಬ್ಬರು ಸ್ನೇಹಿತರು ಒಟ್ಟಿಗೆ ಹೊರಟಾಗ ದರಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ಕ್ಯಾಬಿನ್‌ನಲ್ಲಿ ಎರಡು ಮಂಚ ಬೇರೆ ಬೇರೆ ಸಿಗುತ್ತವೆಯೇ? ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವಿನ ಹೊತ್ತಿನಲ್ಲಿ ನಿಮ್ಮಿಬ್ಬರಿಗೂ ಬೇಕಾಗಿರುವುದು ಏನು? ಇವೆರಡಕ್ಕೂ ಉತ್ತರ ಸಿಕ್ಕಿದರೆ ಹಡಗು ತಾನಾಗಿಯೇ ಗೊತ್ತಾಗುತ್ತದೆ.

ಕರ್ನಾಟಕದಿಂದ ಹೊರಡುವವರಿಗೆ ಕೈಗೆಟುಕುವ ದಾರಿ ಮೂರು. ಮುಂಬೈಯಿಂದ ಗೋವಾ ಕಡೆ ಹೋಗುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್, ಸಿಂಗಪುರದಿಂದ ಎರಡರಿಂದ ನಾಲ್ಕು ರಾತ್ರಿಗೆ ಹೋಗಿಬರುವ ಜೆಂಟಿಂಗ್ ಡ್ರೀಮ್ ಅಥವಾ ರಾಯಲ್ ಕೆರಿಬಿಯನ್ ಹಡಗು, ಮತ್ತು ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಸರ್ಕಾರಿ ಹಡಗು ಎಂ.ವಿ. ಕವರತ್ತಿ. ನವಮಂಗಳೂರು ಬಂದರಿಗೂ ವಿದೇಶಿ ವಿಹಾರ ಹಡಗುಗಳು ಬಂದುಹೋಗುತ್ತವೆ. ಆದರೆ ಅವು ದಿನಕ್ಕೆಂದು ನಿಂತು ಮುಂದೆ ಹೋಗುವಂಥವು, ಅಲ್ಲಿ ಹತ್ತಬಹುದೆಂದು ಲೆಕ್ಕ ಹಾಕಬೇಡಿ. ಮೂರೂ ಬಗೆಯಲ್ಲಿ ಓಡಾಡಿದ ಅನುಭವದ ಮೇಲೆ ಬರೆದ ಹೋಲಿಕೆ ಇದು.

ಎಂಪ್ರೆಸ್: ಹತ್ತಿರದ್ದು, ಹಳೆಯದು, ಗದ್ದಲದ್ದು

ಈ ಹಡಗು ಯಾನ ಶುರು ಮಾಡಿದ್ದು 1990ರಲ್ಲಿ, ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಲ್ಲಿ. ಉದ್ದ 211 ಮೀಟರ್. 2021ರ ಸೆಪ್ಟೆಂಬರ್‌ನಿಂದ ಮುಂಬೈ ಅದರ ಮನೆ. ಹಳೆಯ ಹಡಗು ಅಂದರೆ ಕೆಟ್ಟದ್ದು ಎಂದಲ್ಲ. ಆದರೆ ಆ ಕಾಲದಲ್ಲಿ ಕ್ಯಾಬಿನ್‌ಗಳನ್ನು ಚಿಕ್ಕದಾಗಿ ಕಟ್ಟುತ್ತಿದ್ದರು ಎಂಬುದು ನೆನಪಿರಲಿ. ಒಳಗಿನ ಕ್ಯಾಬಿನ್ ಅಂದರೆ ಕಿಟಕಿಯೇ ಇಲ್ಲದ ಕೋಣೆ. ದೀಪ ಆರಿಸಿದರೆ ಬೆಳಗಿನ ಹತ್ತಕ್ಕೂ ನಡುರಾತ್ರಿಯ ಕತ್ತಲು. ಎರಡು ಮಂಚಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಒಬ್ಬರು ಬಟ್ಟೆ ಹಾಕಿಕೊಳ್ಳುವಾಗ ಇನ್ನೊಬ್ಬರು ಮಂಚದ ಮೇಲೆ ಕಾಲು ಮಡಚಿ ಕೂರಬೇಕು. ದೊಡ್ಡ ಗಾಲಿ ಸೂಟ್‌ಕೇಸ್ ಎರಡು ಬಂದರೆ ಓಡಾಟವೇ ನಿಂತಂತೆ. ಮಂಚದ ಕೆಳಗೆ ತೂರಿಸಬಹುದಾದ ಮೆತ್ತನೆಯ ಬ್ಯಾಗ್ ತನ್ನಿ. ಬಚ್ಚಲಿಗೆ ಎದ್ದುಹೋಗಲು ಒಂದು ಪುಟ್ಟ ರಾತ್ರಿದೀಪವೂ ಇರಲಿ.

ಬುಕ್ ಮಾಡುವಾಗಲೇ ಮಂಚ ಬೇರೆ ಬೇರೆ ಇರಲಿ ಎಂದು ಬರೆಸಿ. ಹೇಳದಿದ್ದರೆ ಎಷ್ಟೋ ಸಲ ಎರಡನ್ನೂ ಜೋಡಿಸಿ ದಂಪತಿಗಳಿಗೆ ಹಾಸುವಂತೆ ಹಾಸಿರುತ್ತಾರೆ. ಹತ್ತಿದ ಮೇಲೆ ಹೇಳಿದರೂ ಬೇರೆ ಮಾಡಿಕೊಡುತ್ತಾರೆ, ಆದರೆ ಎಲ್ಲ ಕೋಣೆಯಿಂದಲೂ ಒಟ್ಟಿಗೆ ಕರೆ ಬರುವ ಮೊದಲ ಸಂಜೆಯಲ್ಲಿ ಅದು ತಡವಾಗುತ್ತದೆ.

ದರದ ವಿಷಯ. ವೆಬ್‌ಸೈಟ್‌ನಲ್ಲಿ ಕಾಣುವ ಮೊತ್ತ ಒಂದು ಕೋಣೆಯಲ್ಲಿ ಇಬ್ಬರು ಇದ್ದಾಗ ತಲಾ ಎಷ್ಟು ಎಂಬುದು. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಗೆ ಕಡ್ಡಾಯ ಗ್ರಾಚುಟಿ (ಟಿಪ್ಸ್), ಜಿಎಸ್‌ಟಿ ಕೂಡುತ್ತವೆ. ಹಣ ಕಟ್ಟುವ ಕೊನೆಯ ಪುಟದವರೆಗೆ ಹೋಗಿ ಅಲ್ಲಿರುವ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಎರಡು ಹಡಗನ್ನು ಹೋಲಿಸುವುದಿದ್ದರೆ ಆ ಮೊತ್ತವನ್ನೇ ಹೋಲಿಸಬೇಕು. ಆ ಮೇಲೂ ಮದ್ಯ, ಬಾಟಲಿಯ ಪಾನೀಯ, ವೈ-ಫೈ, ಗೋವಾದಲ್ಲಿ ಇಳಿದು ಸುತ್ತುವ ಖರ್ಚು ಬೇರೆ. ಎರಡು ರಾತ್ರಿಯ ಪಯಣಕ್ಕೆ ಜಾಹೀರಾತಿನ ದರದ ಮೇಲೆ ಅದರ ಅರ್ಧದಷ್ಟನ್ನು ಕೂಡಿಸಿಟ್ಟುಕೊಂಡವರಿಗೆ ಕೈ ಬಿಗಿಹಿಡಿಯುವ ಪ್ರಸಂಗ ಬರುವುದಿಲ್ಲ ಎನ್ನುವುದು ನಮ್ಮ ಲೆಕ್ಕ. ಶುಕ್ರವಾರ ಹೊರಡುವುದಕ್ಕಿಂತ ವಾರದ ನಡುವೆ ಹೊರಡುವುದು ಅಗ್ಗ, ಈಜುಕೊಳದ ಸುತ್ತ ಜನವೂ ಕಡಿಮೆ.

ಮುಂಬೈ ತಲುಪುವ ಖರ್ಚನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಡಗು ಹೊರಡುವುದು ಬಲ್ಲಾರ್ಡ್ ಪಿಯರ್‌ನಿಂದ, ಸಿಎಸ್‌ಎಂಟಿ ರೈಲು ನಿಲ್ದಾಣದಿಂದ ಎರಡು ಕಿಲೋಮೀಟರ್ ಒಳಗೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಹೋಗುವುದು ಸಿಎಸ್‌ಎಂಟಿಗೇ, ಆದರೆ ಸೇರುವುದು ಮರುದಿನ ರಾತ್ರಿ. ಹಾಗಾಗಿ ಒಂದು ರಾತ್ರಿಯ ಕೋಣೆ ಬಾಡಿಗೆ ತಪ್ಪದು. ಉಡುಪಿ, ಮಂಗಳೂರಿನವರಿಗೆ ಮತ್ಸ್ಯಗಂಧ ಅನುಕೂಲ. ಬೆಳಿಗ್ಗೆ ಕುರ್ಲಾದ ಎಲ್‌ಟಿಟಿ ನಿಲ್ದಾಣದಲ್ಲಿ ಇಳಿಸುತ್ತದೆ, ಅಂದೇ ಹಡಗು ಹತ್ತಬಹುದು. ಕೊಂಕಣ ದಾರಿಯಲ್ಲಿ ರೈಲು ತಡವಾಗುವುದು ಹೊಸದಲ್ಲ. ಚೆಕ್-ಇನ್ ಮುಚ್ಚುವ ಹೊತ್ತಿಗೂ ರೈಲು ಸೇರುವ ಹೊತ್ತಿಗೂ ಕನಿಷ್ಠ ಐದು ಗಂಟೆ ಅಂತರ ಇಲ್ಲದಿದ್ದರೆ ಹಿಂದಿನ ದಿನವೇ ಹೋಗಿ. ಹಡಗು ಯಾರಿಗೂ ಕಾಯುವುದಿಲ್ಲ, ತಪ್ಪಿದವರಿಗೆ ಹಣ ವಾಪಸೂ ಇಲ್ಲ.

ಗೋವಾದಲ್ಲಿ ಹಡಗು ನಿಲ್ಲುವುದು ಮೊರ್ಮುಗಾವ್ ಬಂದರಿನಲ್ಲಿ. ಕಲಂಗುಟ್, ಬಾಗಾ ಕಡೆ ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆಯುತ್ತದೆ, ಟ್ಯಾಕ್ಸಿ ಬಾಡಿಗೆಯೂ ಜಾಸ್ತಿ. ಇಬ್ಬರೇ ಇದ್ದರೆ ಹತ್ತಿರದ ಬೊಗ್ಮಾಲೊ ಸಾಕು. ಕೆಲವು ಪಯಣಗಳಿಗೆ ಒಮ್ಮುಖದ ಟಿಕೆಟ್ ಸಿಗುತ್ತದೆ. ಹುಬ್ಬಳ್ಳಿ, ಬೆಳಗಾವಿ, ಕಾರವಾರದವರು ಮುಂಬೈಯಲ್ಲಿ ಹತ್ತಿ ಗೋವಾದಲ್ಲಿ ಇಳಿದು ಊರಿಗೆ ಮರಳಿದರೆ ಖರ್ಚು ಚೆನ್ನಾಗಿ ಇಳಿಯುತ್ತದೆ.

ಊಟದ ಬಗ್ಗೆ ದೂರಿಲ್ಲ. ಸಸ್ಯಾಹಾರ ಧಾರಾಳ, ಜೈನ ಊಟವೂ ಉಂಟು. ಕೊಳದ ಹತ್ತಿರದ ಡಿಜೆ ಸದ್ದು ಮಾತ್ರ ಮಧ್ಯಾಹ್ನದಿಂದಲೇ ಶುರು. ಕುಣಿಯುವ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ಎರಡು ದಿನ ಸಿಗಲಾರದು. ಮಾತಾಡುತ್ತ ಕೂರುವ ಇಬ್ಬರು ಮೂಲೆ ಹುಡುಕಬೇಕಾಗುತ್ತದೆ.

ಸಿಂಗಪುರ: ಒಂದು ರಾತ್ರಿಯ ಲೆಕ್ಕದಲ್ಲಿ ಹೆಚ್ಚು ಸಿಗುವುದು ಇಲ್ಲೇ

ಜೆಂಟಿಂಗ್ ಡ್ರೀಮ್ 335 ಮೀಟರ್ ಉದ್ದದ ಹಡಗು, 2016ರಲ್ಲಿ ಕಟ್ಟಿದ್ದು. ಗಾತ್ರದಲ್ಲಿ ಎಂಪ್ರೆಸ್‌ನ ಮೂರು ಪಟ್ಟು. ಹೆಚ್ಚಿನ ಕ್ಯಾಬಿನ್‌ಗಳಿಗೆ ಬಾಲ್ಕನಿ ಇರುವುದರಿಂದ ವಾರದ ನಡುವಿನ ಪಯಣದಲ್ಲಿ ಬಾಲ್ಕನಿಗೂ ಒಳಕೋಣೆಗೂ ದರದ ಅಂತರ ಕೆಲವೊಮ್ಮೆ ಬಹಳ ಕಡಿಮೆ. ಅಂಥ ದಿನ ಬಾಲ್ಕನಿ ತೆಗೆದುಕೊಳ್ಳಿ. ಒಬ್ಬರು ಬೇಗ ಏಳುವವರು, ಇನ್ನೊಬ್ಬರು ತಡವಾಗಿ ಏಳುವವರು ಆಗಿದ್ದರೆ ಬಾಲ್ಕನಿ ಎರಡನೇ ಕೋಣೆಯಂತೆ ಕೆಲಸ ಮಾಡುತ್ತದೆ. ಮಲಕ್ಕಾ ಜಲಸಂಧಿಯ ಒಂದು ಬದಿಗೆ ಮಲೇಷ್ಯಾ, ಇನ್ನೊಂದು ಬದಿಗೆ ಸುಮಾತ್ರಾ ಅಡ್ಡ ಇರುವುದರಿಂದ ದೊಡ್ಡ ಅಲೆ ಏಳುವುದಿಲ್ಲ. ಹೊಟ್ಟೆ ತೊಳಸುವ ಭಯ ಇರುವವರಿಗೆ ಮೂರರಲ್ಲಿ ಇದೇ ನೆಮ್ಮದಿ.

ಖರ್ಚು ಹಡಗಿನಲ್ಲಿ ಅಲ್ಲ, ಅದರ ಸುತ್ತ. ವಿಮಾನ, ವೀಸಾ, ಸಿಂಗಪುರದ ಒಂದು ರಾತ್ರಿಯ ವಾಸ್ತವ್ಯ ಸೇರಿದರೆ ಕ್ರೂಸ್ ಟಿಕೆಟ್ಟೇ ಚಿಕ್ಕ ಮೊತ್ತವಾಗಿ ಕಾಣುತ್ತದೆ. ಆದ್ದರಿಂದ ಎರಡು ರಾತ್ರಿಗೆಂದು ಅಲ್ಲಿಯವರೆಗೆ ಹೋಗಬೇಡಿ. ಮೂರು ಅಥವಾ ನಾಲ್ಕು ರಾತ್ರಿಯದ್ದನ್ನೇ ಹಿಡಿಯಿರಿ.

ಕಾಗದಪತ್ರದಲ್ಲಿ ಎಡವುವುದು ಇಲ್ಲಿಯೇ ಜಾಸ್ತಿ. ಹಡಗು ಹತ್ತಿದರೆ ಸಿಂಗಪುರ ಬಿಟ್ಟು ಹೋದಂತೆ, ವಾಪಸ್ ಬಂದರೆ ಮತ್ತೆ ಪ್ರವೇಶಿಸಿದಂತೆ. ಹಾಗಾಗಿ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶವಿರುವ ವೀಸಾ ಬೇಕು. ಎಸ್‌ಜಿ ಅರೈವಲ್ ಕಾರ್ಡನ್ನೂ (ಸಿಂಗಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ನಮೂನೆ) ಎರಡು ಸಲ ತುಂಬಬೇಕು, ವಿಮಾನದಲ್ಲಿ ಇಳಿಯುವ ಮುನ್ನ ಒಮ್ಮೆ, ಹಡಗಿನಿಂದ ಮರಳುವ ಮುನ್ನ ಮತ್ತೊಮ್ಮೆ, ಪ್ರತಿ ಸಲವೂ ತಲುಪುವ ದಿನಕ್ಕೆ ಮೂರು ದಿನದೊಳಗೆ. ಅದು ಉಚಿತ. ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಊರಿನಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ, ಮರೀನಾ ಬೇ ಮತ್ತು ಹಾರ್ಬರ್‌ಫ್ರಂಟ್. ಟಿಕೆಟ್‌ನಲ್ಲಿ ಯಾವುದೆಂದು ನೋಡಿಯೇ ಮೆಟ್ರೊ ಹತ್ತಿ. ಮರೀನಾ ಬೇಗೆ ಹೋಗುವವರು ಇಳಿಯಬೇಕಾದ ನಿಲ್ದಾಣ ಮರೀನಾ ಸೌತ್ ಪಿಯರ್.

ಜೆಂಟಿಂಗ್‌ಗೂ ರಾಯಲ್ ಕೆರಿಬಿಯನ್‌ಗೂ ನಡುವೆ ಆಯ್ಕೆ ಬಂದರೆ? ಸಸ್ಯಾಹಾರಿಗಳಿಗೆ, ಅದರಲ್ಲೂ ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಜೆಂಟಿಂಗ್. ಆಟ, ಪ್ರದರ್ಶನ, ಹೊಸ ಸೌಕರ್ಯ ಬೇಕೆನ್ನುವವರಿಗೆ ರಾಯಲ್. ರಾಯಲ್‌ನಲ್ಲಿ ಗ್ರಾಚುಟಿ ಡಾಲರ್‌ನಲ್ಲಿ. ಅದು ತಲಾ ದಿನದ ಲೆಕ್ಕದಲ್ಲಿ ಬೀಳುತ್ತದೆ. ಸ್ನೇಹಿತರು ಗಮನಿಸಬೇಕಾದ ಇನ್ನೊಂದು ನಿಯಮ ಉಂಟು. ಅಲ್ಲಿ ಒಂದೇ ಕೋಣೆಯ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಆ ಕೋಣೆಯ ಇನ್ನೊಬ್ಬ ವಯಸ್ಕರೂ ಕೊಳ್ಳಬೇಕು. ಒಬ್ಬರು ಕುಡಿಯುವವರು, ಇನ್ನೊಬ್ಬರು ಮುಟ್ಟದವರು ಆಗಿದ್ದರೆ ಪ್ಯಾಕೇಜ್ ಬಿಡಿ, ಬೇಕಾದಾಗ ಲೋಟದ ಲೆಕ್ಕದಲ್ಲಿ ಕೊಳ್ಳಿ.

ಹಡಗಿನ ಬಿಲ್ಲಿಗೆ ನಮ್ಮ ಸಾಮಾನ್ಯ ಕ್ರೆಡಿಟ್ ಕಾರ್ಡ್ ಕೊಟ್ಟರೆ ವಿದೇಶಿ ಹಣದ ಪಾವತಿಗೆ ಬ್ಯಾಂಕ್ ಹಾಕುವ ಶೇ. 3.5ರ ಮಾರ್ಕಪ್ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಶೇ. 4ಕ್ಕೂ ಹೆಚ್ಚು ಹೋಗುತ್ತದೆ. ಮಾರ್ಕಪ್ ಇಲ್ಲದ ಕಾರ್ಡ್ ಇಬ್ಬರಲ್ಲಿ ಯಾರ ಬಳಿ ಇದೆಯೋ ಅವರದ್ದು ಕೊಡಿ. ಏಜೆಂಟರ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮೂಲದಲ್ಲೇ ವಸೂಲಿಯಾಗುವ ಆದಾಯ ತೆರಿಗೆ) ಹಿಡಿಯುತ್ತಾರೆ. ಅದು ನಷ್ಟವಲ್ಲ, ಹಣ ಕಟ್ಟಿದವರ ಪ್ಯಾನ್‌ಗೆ ಜಮೆಯಾಗಿ ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ಒಬ್ಬರೇ ಪೂರ್ತಿ ಕಟ್ಟಿದ್ದರೆ ಆ ಭಾಗವನ್ನೂ ಸ್ನೇಹಿತರಿಂದ ವಸೂಲಿ ಮಾಡಬೇಡಿ, ಅದು ನಿಮಗೇ ಮರಳುವ ಹಣ.

ಎಂ.ವಿ. ಕವರತ್ತಿ: ಸಮುದ್ರ ಬೇಕೆನ್ನುವವರಿಗೆ

700 ಜನರ ಈ ಹಡಗು ದ್ವೀಪದವರ ನಿತ್ಯದ ಸಾರಿಗೆಯೂ ಹೌದು. ಲಕ್ಷದ್ವೀಪದ ಪ್ರವಾಸೋದ್ಯಮ ನೋಡಿಕೊಳ್ಳುವ ‘ಸ್ಪೋರ್ಟ್ಸ್’ (SPORTS) ಎಂಬ ಸಂಸ್ಥೆಯ ಸಮುದ್ರಂ ಪ್ಯಾಕೇಜ್‌ನಲ್ಲಿ ರಾತ್ರಿ ಹಡಗಿನಲ್ಲಿ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳಲ್ಲಿ ಇಳಿಯುವ ಏರ್ಪಾಡು, ಒಟ್ಟು ಐದು ದಿನ. ಡೈಮಂಡ್ ದರ್ಜೆ ಇಬ್ಬರ ಕೋಣೆ, ಗೋಲ್ಡ್ ನಾಲ್ವರದ್ದು. ಇಬ್ಬರೇ ಗೋಲ್ಡ್ ತೆಗೆದುಕೊಂಡರೆ ಇನ್ನಿಬ್ಬರು ಅಪರಿಚಿತರೊಂದಿಗೆ ಹಂಚಿಕೊಳ್ಳಬೇಕು. ನಾಲ್ವರ ಗುಂಪಾದರೆ ಗೋಲ್ಡ್‌ನಷ್ಟು ಮಿತವ್ಯಯ ಬೇರೊಂದಿಲ್ಲ. ಊಟ, ದ್ವೀಪದ ತಿರುಗಾಟ, ಲಗೂನ್‌ನಲ್ಲಿ (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರು) ಈಜು ಎಲ್ಲವೂ ಸೇರಿಯೇ ದರ. ಹಡಗಿನಲ್ಲಿ ಖರ್ಚು ಮಾಡಲು ಬಾರ್, ಕ್ಯಾಸಿನೊ ಏನೂ ಇಲ್ಲದ್ದರಿಂದ ಹೇಳಿದ ಮೊತ್ತವೇ ಹೆಚ್ಚುಕಡಿಮೆ ಕೊನೆಯ ಮೊತ್ತ.

ಇಲ್ಲಿ ಮೈ ಹಗುರ ಇರಬೇಕು. ಹವಳದ ದಿಬ್ಬದ ಹೊರಗೇ ಹಡಗು ನಿಲ್ಲುತ್ತದೆ, ಪಕ್ಕಕ್ಕೆ ಸಣ್ಣ ದೋಣಿ ಬರುತ್ತದೆ. ಹಡಗಿನ ಬದಿಯ ಬಾಗಿಲ ಬಳಿ ನಿಂತರೆ ದೋಣಿ ಒಮ್ಮೆ ಪಾದದ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಮೊಣಕಾಲಿಗಿಂತ ಕೆಳಗೆ ಇಳಿಯುತ್ತದೆ. ದೋಣಿಯವರು ಎರಡೂ ತೋಳು ಹಿಡಿದು, ಅಲೆ ಮೇಲೆತ್ತಿದ ಕ್ಷಣಕ್ಕೆ ಸರಿಯಾಗಿ ದಾಟಿಸುತ್ತಾರೆ. ಅವರು ಹೇಳಿದಾಗಲೇ ಹೆಜ್ಜೆ ಇಡಬೇಕು, ತಡಮಾಡಿದರೆ ದೋಣಿ ಕೆಳಗಿಳಿದಿರುತ್ತದೆ. ಕೈಯಲ್ಲಿ ಏನೂ ಇರಬಾರದು, ಬ್ಯಾಗ್ ಬೆನ್ನಿಗೆ, ಫೋನ್ ಜಿಪ್ ಇರುವ ಜೇಬಿಗೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳಿ. ಮಂಡಿ ನೋವಿರುವ ಸ್ನೇಹಿತರಿದ್ದರೆ ಈ ಪ್ರವಾಸ ಬೇಡ. ಗಾಳಿ ಜೋರಾದರೆ ಒಂದು ದ್ವೀಪದ ಇಳಿತವೇ ರದ್ದಾಗಬಹುದು, ಅದಕ್ಕೆ ಮನಸ್ಸು ಸಿದ್ಧವಿರಬೇಕು.

ಪ್ರವೇಶ ಪರವಾನಗಿ ಕಡ್ಡಾಯ. ಅದಕ್ಕೆ ಬೇಕಾದ ಪೊಲೀಸ್ ಪರಿಶೀಲನಾ ಪತ್ರಕ್ಕೆ ನಮ್ಮಲ್ಲಿ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಠಾಣೆಯವರು ಬಂದು ನೋಡಿ ಕಳಿಸುವಷ್ಟರಲ್ಲಿ ವಾರಗಳು ಉರುಳುತ್ತವೆ. ಇಬ್ಬರೂ ಒಂದೇ ದಿನ ಅರ್ಜಿ ಹಾಕಿ, ಆಧಾರ್ ವಿಳಾಸವೂ ಈಗಿನ ಬಾಡಿಗೆ ಮನೆಯ ವಿಳಾಸವೂ ಬೇರೆಯಾಗಿದ್ದರೆ ಮೊದಲು ಅದನ್ನು ಸರಿಪಡಿಸಿ. ಹಡಗಿನ ವೇಳಾಪಟ್ಟಿ ಸರ್ಕಾರದ ಕೈಯಲ್ಲಿದೆ, ನಿಮ್ಮ ರಜೆಯನ್ನು ಅದಕ್ಕೆ ಹೊಂದಿಸಬೇಕೇ ಹೊರತು ಅದು ನಿಮಗೆ ಹೊಂದದು. ಬಂಗಾರಂ ಬಿಟ್ಟರೆ ದ್ವೀಪಗಳಲ್ಲಿ ಮದ್ಯ ನಿಷೇಧ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಹತ್ತಲು ಬಿಟ್ಟ ದಿನ ಹತ್ತದೇ ಬರಬೇಡಿ. ಮೇಲಿಂದ ಲಗೂನ್‌ನ ತಿಳಿಹಸಿರು ಮತ್ತು ಆಚೆಯ ಕಡಲಿನ ಕಡುನೀಲಿ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತವೆ.

ಮದ್ಯ, ಸಂಗೀತ ಬೇಕಿಲ್ಲದ, ನೀರಿಗಿಳಿಯಲು ಹಿಂಜರಿಯದ ಇಬ್ಬರಿಗೆ ನಮ್ಮ ಮತ ಇದಕ್ಕೇ. ಕಡಲು ಕಾಣುವುದು, ಕಡಲಿನಲ್ಲಿ ಇಳಿಯುವುದು ಎರಡೂ ಇಷ್ಟು ಹೊತ್ತು ಸಿಗುವುದು ಉಳಿದೆರಡರಲ್ಲಿ ಇಲ್ಲ.

ಮೂರಕ್ಕೂ ಹೊಂದುವ ಮಾತು

ಅರಬ್ಬಿ ಸಮುದ್ರದ ಪಯಣಕ್ಕೆ ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಕೋಣೆ ಆರಿಸಲು ಬಿಟ್ಟರೆ ಹಡಗಿನ ನಡುಭಾಗ, ಕೆಳಗಿನ ಡೆಕ್ ಹಿಡಿಯಿರಿ. ತಕ್ಕಡಿಯ ದಂಡದ ನಡುಭಾಗದ ಹಾಗೆ ಅಲ್ಲಿ ಏರಿಳಿತ ಕಡಿಮೆ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಕೋಣೆ ಸದ್ದಿಲ್ಲದ್ದು. ಕಂಪನಿಯೇ ಕೋಣೆ ಆರಿಸುವ ಅಗ್ಗದ ಟಿಕೆಟ್‌ನಲ್ಲಿ ಮೂತಿಯ ಕಡೆಯದ್ದು ಸಿಕ್ಕರೆ ಬೆಳಗಿನ ಜಾವ ಲಂಗರಿನ ಸರಪಳಿ ಎಬ್ಬಿಸುತ್ತದೆ. ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಿ. ತೊಳಸಲು ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದು ನಿದ್ದೆ ತರಿಸುತ್ತದೆ, ಜೊತೆಗೆ ಮದ್ಯ ಕೂಡದು.

ವಿಹಾರ ಹಡಗಿನಲ್ಲಿ ದೊಡ್ಡ ಬ್ಯಾಗನ್ನು ಕೆಳಗೇ ತೆಗೆದುಕೊಂಡು ಗಂಟೆಗಳ ಮೇಲೆ ಕೋಣೆಗೆ ಕಳಿಸುತ್ತಾರೆ. ಮಾತ್ರೆ, ಗುರುತಿನ ಚೀಟಿ, ಈಜುಡುಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇಸ್ತ್ರಿ ಪೆಟ್ಟಿಗೆ, ಕೆಟಲ್ ತಂದರೆ ತಪಾಸಣೆಯಲ್ಲೇ ತೆಗೆದಿಡುತ್ತಾರೆ. ದಡ ಮರೆಯಾಗುವ ಮೊದಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಅದು ಹಡಗಿನ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಏರಿಸುತ್ತದೆ.

ಕೊನೆಯದಾಗಿ ದುಡ್ಡಿನ ಮಾತು, ಟಿಕೆಟ್ ಕೊಳ್ಳುವ ಮೊದಲೇ ಆಡಿ ಮುಗಿಸಬೇಕಾದ್ದು. ದರ ಇಬ್ಬರ ಲೆಕ್ಕದ್ದಾದ್ದರಿಂದ ಒಬ್ಬರು ಹಿಂದೆ ಸರಿದರೆ ಉಳಿದವರು ಎಷ್ಟೋ ಸಲ ಪೂರ್ತಿ ಕೋಣೆಯ ಹಣ ಕಟ್ಟಬೇಕಾಗುತ್ತದೆ. ಹೆಸರು ಬದಲಿಸಲು ಎಷ್ಟು ದಿನದವರೆಗೆ ಅವಕಾಶ, ರದ್ದಾದರೆ ಯಾವ ದಿನಕ್ಕೆ ಎಷ್ಟು ಕಡಿತ ಎಂಬುದನ್ನು ಓದಿ, ಆ ದಿನಾಂಕಗಳನ್ನು ಇಬ್ಬರ ಫೋನಿನಲ್ಲೂ ಹಾಕಿಕೊಳ್ಳಿ. ಸರಿದವರೇ ಕಡಿತ ಭರಿಸುವುದು ಎಂದು ಒಪ್ಪಿ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಬರೆದಿಡಿ. ಹಡಗು ಹತ್ತಿದ ಕೂಡಲೇ ಕೌಂಟರಿಗೆ ಹೋಗಿ ಇಬ್ಬರ ಖಾತೆಯನ್ನೂ ಬೇರೆ ಮಾಡಿಸಿ. ಹಾಗೆ ಮಾಡಿಸದಿದ್ದರೆ ಕೋಣೆಯ ಎಲ್ಲ ಬಿಲ್ಲೂ ಒಂದೇ ಕಾರ್ಡಿಗೆ ಬೀಳುತ್ತದೆ, ಇಳಿಯುವ ಬೆಳಿಗ್ಗೆ ಉದ್ದದ ಸಾಲಿನಲ್ಲಿ ನಿಂತು ಅದನ್ನು ಬಿಡಿಸಬೇಕಾಗುತ್ತದೆ.